ಪ್ರತಿಕ್ರಿಯೆ: ತೃಕ್ಕರಿಪುರದ ರಫಿ ಎಲ್ಲಿ ಮರೆಯಾದರು?

ನೀವು ಕೇಳಿದ್ದು ಎರಡು ಪ್ರಶ್ನೆ: 2010ರ ಹೊತ್ತಿಗೆ ಅಷ್ಟು ಹೆಸರು ಮಾಡಿದ್ದ ಕಾಸರಗೋಡಿನ ಫುಟ್‌ಬಾಲ್ ಸ್ಟ್ರೈಕರ್ ಮೊಹಮ್ಮದ್ ರಫಿ ಆಮೇಲೆ ಯಾಕೆ ಮಂಕಾದರು, ಮತ್ತು 2014ರ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಫೈನಲ್ ಗೋಲು ಅವರದ್ದೇನಾ ಅಂತ.

ಎರಡನೆಯದು ಸುಲಭ. ಅಲ್ಲ. ಅದು ಮೊಹಮ್ಮದ್ ರಫೀಕ್, ಬಂಗಾಳದವರು. ನಮ್ಮ ರಫಿಯೂ ಆಗ ಅದೇ ಕೋಲ್ಕತ್ತಾ ತಂಡದಲ್ಲಿದ್ದರು, ಅದಕ್ಕೇ ಇಲ್ಲಿ ಮಂಜೇಶ್ವರದಲ್ಲೂ ಜನ ಗೊಂದಲ ಮಾಡಿಕೊಳ್ಳುತ್ತಾರೆ.

ಮೊದಲನೆಯದಕ್ಕೆ ನನ್ನ ಅಭಿಪ್ರಾಯ: ಆಟ ಕೆಟ್ಟಿದ್ದಕ್ಕಿಂತ ನೆಲ ಜಾರಿದ್ದು ಜಾಸ್ತಿ. 2009-10ರ ಐ-ಲೀಗ್‌ನಲ್ಲಿ, ಅಂದರೆ ಆಗಿನ ದೇಶದ ಮುಖ್ಯ ಲೀಗ್‌ನಲ್ಲಿ, ಮಹೀಂದ್ರಾ ಕಂಪನಿಯ ತಂಡ ಮಹೀಂದ್ರಾ ಯುನೈಟೆಡ್ ಪರ 14 ಗೋಲು ಹೊಡೆದರು. ಆ ಸಲ ಭಾರತೀಯರ ಪೈಕಿ ಅತಿ ಹೆಚ್ಚು ಗೋಲು ಅವರದ್ದೇ. ಅದೇ ಸೀಸನ್ ಮುಗಿಯುತ್ತಿದ್ದಂತೆ ಕಂಪನಿ ತಂಡವನ್ನೇ ಮುಚ್ಚಿತು! ವರ್ಷಗಳಿಂದ ಪಳಗಿದ ಜೊತೆಗಾರರು ಚದುರಿ ಹೋದರು. ಹೆಡರ್ (ತಲೆಯಿಂದ ಹೊಡೆಯುವ ಗೋಲು) ನಂಬಿಕೊಂಡ ಸ್ಟ್ರೈಕರ್‌ಗೆ ಬದಿಯಿಂದ ಸರಿಯಾದ ಕ್ರಾಸ್ ಎತ್ತಿ ಕೊಡುವವರು ಬೇಕು, ಅಲ್ವಾ? ಮೇಲಾಗಿ ಆಗ ಕ್ಲಬ್‌ಗಳು ಆ ಜಾಗಕ್ಕೆ ವಿದೇಶಿ ಆಟಗಾರರನ್ನೇ ಹುಡುಕುತ್ತಿದ್ದವು.

ಆದರೆ 'ಮರೆಯಾದರು' ಅನ್ನೋದು ಪೂರ್ತಿ ಒಪ್ಪುವ ಮಾತಲ್ಲ. 2016ರ ಡಿಸೆಂಬರ್‌ನಲ್ಲಿ, 34ನೇ ವಯಸ್ಸಿನಲ್ಲಿ, ಕೊಚ್ಚಿಯ ಐಎಸ್‌ಎಲ್ ಫೈನಲ್‌ನಲ್ಲಿ ಕೇರಳ ಬ್ಲಾಸ್ಟರ್ಸ್ ತಂಡಕ್ಕೆ ಹೆಡರ್‌ನಿಂದಲೇ ಮುನ್ನಡೆ ಕೊಟ್ಟರು. ಪಂದ್ಯ ಪೆನಾಲ್ಟಿಯಲ್ಲಿ ಕೈತಪ್ಪಿ ಹೋಯಿತು, ಅದು ಬೇರೆ ಸಂಕಟ. ಆಮೇಲೆ ಚೆನ್ನೈನ ಚೆನ್ನೈಯಿನ್ ತಂಡ ಸೇರಿದರು, ಆ ತಂಡ 2018ರಲ್ಲಿ ಐಎಸ್‌ಎಲ್ ಕಪ್ ಗೆದ್ದಿತು. 2019ರಲ್ಲಿ ಮತ್ತೆ ಬ್ಲಾಸ್ಟರ್ಸ್‌ಗೇ ಬಂದರು.