ಅಡುಗೆ ಕಟ್ಟೆಯ ಕರಿ ಗ್ರಾನೈಟ್, ಬ್ಯಾರನ್ ದ್ವೀಪದ ಲಾವಾ: ಎರಡೂ ಒಂದೇನಾ?

ಮೈಸೂರಿನ ನಿಮ್ಮ ಮನೆಯ ಅಡುಗೆ ಕಟ್ಟೆಗೆ ಹಾಕಿಸಿರುವ ಚಾಮರಾಜನಗರದ ಕರಿ ಗ್ರಾನೈಟ್ ಅಂಡಮಾನಿನ ಬ್ಯಾರನ್ ದ್ವೀಪದ ಲಾವಾದಂಥದ್ದೇ ಕಲ್ಲಾ, ಹಾಗಿದ್ದರೆ ಚಾಮುಂಡಿ ಬೆಟ್ಟವೂ ಒಂದು ದಿನ ಸಿಡಿಯುತ್ತದಾ ಎಂದು ಕೇಳಿದ್ದೀರಿ. ಬೆಟ್ಟ ಸಿಡಿಯುವುದಿಲ್ಲ. ಕಲ್ಲುಗಳು ಮಾತ್ರ ಹತ್ತಿರದ ನೆಂಟರು.

ಮೊದಲು ಬ್ಯಾರನ್. ಪೋರ್ಟ್ ಬ್ಲೇರಿನಿಂದ ಈಶಾನ್ಯಕ್ಕೆ ಸುಮಾರು 135 ಕಿ.ಮೀ. ದೂರದ ಈ ಜ್ವಾಲಾಮುಖಿ ದ್ವೀಪದ ಅಡ್ಡಳತೆ ಬರೀ 3 ಕಿ.ಮೀ. ನೀರಿನ ಮೇಲೆ ಕಾಣುವುದು ತುದಿಯಷ್ಟೇ, ಬುಡ ಎರಡು ಸಾವಿರ ಮೀಟರಿಗೂ ಕೆಳಗಿನ ಸಮುದ್ರತಳದಲ್ಲಿದೆ. ನೂರಕ್ಕೂ ಹೆಚ್ಚು ವರ್ಷ ಸುಮ್ಮನಿದ್ದು 1991ರಲ್ಲಿ ಮತ್ತೆ ಸಿಡಿಯಿತು, 2005ರಿಂದೀಚೆಗೆ ಆಗಾಗ ಸಿಡಿಯುತ್ತಲೇ ಇದೆ. ಅಲ್ಲಿ ಭಾರತದ ಫಲಕ (ಭೂಮಿಯ ಹೊರಗಿನ ಗಟ್ಟಿ ಪದರದ ದೊಡ್ಡ ತುಂಡು) ಬರ್ಮಾ ಫಲಕದಡಿಗೆ ಓರೆಯಾಗಿ ಇಳಿಯುತ್ತಿದೆ. ಎರಡೂ ಉಜ್ಜಿ ಬಿಸಿಯಾಗಿ ಕಲ್ಲು ಕರಗುತ್ತದೆ ಅಂತ ಎಷ್ಟೋ ಕಡೆ ಬರೆದಿರುತ್ತಾರೆ, ನಂಬಬೇಡಿ. ಇಳಿಯುವ ಫಲಕ ಸುತ್ತಲಿನ ಕಲ್ಲಿಗಿಂತ ತಣ್ಣಗಿರುತ್ತದೆ. ಕರಗಿಸುವುದು ನೀರು. ಸಮುದ್ರತಳದ ಖನಿಜಗಳೊಳಗೆ ಸೇರಿಕೊಂಡಿದ್ದ ನೀರು ಸುಮಾರು 100 ಕಿ.ಮೀ. ಆಳದಲ್ಲಿ ಬಿಡುಗಡೆಯಾಗಿ ಮೇಲಿನ ಮ್ಯಾಂಟಲ್ (ಭೂಮಿಯ ಹೊರಚಿಪ್ಪಿನ ಕೆಳಗಿನ ಬಿಸಿ ಕಲ್ಲಿನ ಪದರ) ಸೇರುತ್ತದೆ. ಆಗ ಆ ಬಿಸಿ ಕಲ್ಲು ನೂರಾರು ಡಿಗ್ರಿ ಕಡಿಮೆ ಶಾಖದಲ್ಲೇ ಕರಗತೊಡಗುತ್ತದೆ. ಒಣ ಬೆಲ್ಲದಚ್ಚು ಬಾಣಲೆಯಲ್ಲಿ ಸೀದುಹೋಗುವಷ್ಟು ಉರಿ ಬೇಡುತ್ತದೆ, ಎರಡು ಚಮಚ ನೀರು ಹಾಕಿದರೆ ಸಣ್ಣ ಉರಿಗೇ ಕರಗುತ್ತದಲ್ಲ, ಹಾಗೆ.

ಮೈಸೂರು, ಮಂಡ್ಯದ ಅಡಿಯಲ್ಲಿ ಹೀಗೆ ಇಳಿಯುವ ಫಲಕವೇ ಇಲ್ಲ. ಚಾಮುಂಡಿ ಬೆಟ್ಟ ಜ್ವಾಲಾಮುಖಿಯೂ ಅಲ್ಲ. ಸುಮಾರು 80 ಕೋಟಿ ವರ್ಷದ ಹಿಂದೆ ನೆಲದೊಳಗೇ ಹೆಪ್ಪುಗಟ್ಟಿದ ಗ್ರಾನೈಟ್ ಅದು, ಮೇಲಿನ ಹೊದಿಕೆ ಸವೆದು ಹೊರಗೆ ಬಂದಿದೆ.

ನಿಮ್ಮ ಕರಿ ಗ್ರಾನೈಟ್ ನಿಜದಲ್ಲಿ ಗ್ರಾನೈಟೇ ಅಲ್ಲ, ಡಾಲರೈಟ್. ಲಾವಾ ಹೊರಗೆ ಹರಿದು ಆರಿದರೆ ಬಸಾಲ್ಟ್ ಎಂಬ ಕಪ್ಪು ಕಲ್ಲಾಗುತ್ತದೆ, ಅಂಥದ್ದೇ ಶಿಲಾರಸ (ಕರಗಿದ ಕಲ್ಲು) ಮೇಲಕ್ಕೆ ಬಾರದೆ ನೆಲದ ಬಿರುಕಿನಲ್ಲೇ ನಿಧಾನವಾಗಿ ಆರಿದರೆ ಈ ಕಲ್ಲಾಗುತ್ತದೆ. ಅದಕ್ಕೇ ಹರಳುಗಳು ಒಂದಕ್ಕೊಂದು ಹೆಣೆದುಕೊಂಡು ಕಲ್ಲು ಗಟ್ಟಿ, ಒಳ್ಳೆ ಪಾಲಿಶ್ ಹಿಡಿಯುತ್ತದೆ. ಬ್ಯಾರನ್‌ನ ಲಾವಾ ಹೊರಗೆ ಹರಿದು ಬೇಗ ಆರಿದ್ದು, ಹೆಚ್ಚಾಗಿ ಬಸಾಲ್ಟೇ. ಅನಿಲ ಹೋದ ತೂತುಗಳಿರುತ್ತವೆ.

ಪರೀಕ್ಷಿಸಬೇಕಾದರೆ ಕಲ್ಲಿನಂಗಡಿಯಲ್ಲಿ ಮುಷ್ಟಿಗಿಂತ ಚಿಕ್ಕ ತುಂಡು ಕೇಳಿ, ಒಡೆದ ಮುಖವನ್ನು ನೋಡಿ. ಪಾಲಿಶ್ ಮಾಡಿದ ಮುಖ, ಬಿಸಿಲುಮಳೆಗೆ ಕಂದಿದ ಸಿಪ್ಪೆ ಎರಡೂ ದಾರಿ ತಪ್ಪಿಸುತ್ತವೆ. 10 ಪಟ್ಟಿನ ಲೆನ್ಸಿನಲ್ಲಿ ಕಪ್ಪು ಹರಳುಗಳ ನಡುವೆ ಬೂದು ಕಡ್ಡಿಗಳು ಅಡ್ಡಾದಿಡ್ಡಿ ಬಿದ್ದಿದ್ದರೆ ಡಾಲರೈಟ್. ಆಮೇಲೆ ತೂಕ. ಒಣ ಕಲ್ಲನ್ನು ತೂಗಿ ಬರೆದುಕೊಳ್ಳಿ. ನೀರಿನ ಪಾತ್ರೆಯನ್ನು ಡಿಜಿಟಲ್ ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಕಲ್ಲನ್ನು ದಾರದಲ್ಲಿ ಪೂರ್ತಿ ಮುಳುಗುವಂತೆ ಇಳಿಬಿಡಿ. ಒಣ ತೂಕ 300 ಗ್ರಾಂ, ಈಗ ತೋರಿಸುವುದು 100 ಆದರೆ 300 ÷ 100, ಅಂದರೆ ಸಾಂದ್ರತೆ 3.0, ಡಾಲರೈಟ್ ಇದರ ಆಸುಪಾಸು, ಗ್ರಾನೈಟ್ 2.6–2.7. ಕಲ್ಲು ತಳಕ್ಕೆ ತಾಗಿದರೆ ಲೆಕ್ಕವೆಲ್ಲ ಹಾಳು. ತೂಕ ಒಂದನ್ನೇ ನಂಬಲೂಬೇಡಿ: ನೆಲದೊಳಗಿನ ಶಾಖ, ಒತ್ತಡಕ್ಕೆ ಸಿಕ್ಕಿ ಬದಲಾದ ಆಂಫಿಬೊಲೈಟ್ ಎಂಬ ಕಲ್ಲೂ ಕಪ್ಪು, ಅಷ್ಟೇ ಭಾರ. ಆದರೆ ಅದರ ಹರಳುಗಳು ಸಾಮಾನ್ಯವಾಗಿ ಒಂದೇ ದಿಕ್ಕಿಗೆ ಸಾಲಾಗಿರುತ್ತವೆ.

ಹೋಲಿಸಲು ಬ್ಯಾರನ್‌ನಿಂದ ಕಲ್ಲು ತರಲಾಗದು, ಪ್ರವಾಸಿಗರನ್ನು ಅಲ್ಲಿ ದಡಕ್ಕೆ ಇಳಿಸುವುದಿಲ್ಲ. ಬೆಳಗಾವಿ, ವಿಜಯಪುರದ ಕಡೆ ಬಸಾಲ್ಟ್ ಬೇಕಾದಷ್ಟಿದೆ. ಹುಟ್ಟಿದ ಕಾರಣ ಬೇರೆಯಾದರೂ ತೂತುಗಳು ಅದರಲ್ಲೂ ಸಿಗುತ್ತವೆ. ಹಳೆಯ ಕಲ್ಲಾದ್ದರಿಂದ ಎಷ್ಟೋ ತೂತುಗಳಲ್ಲಿ ಬಿಳಿ ಖನಿಜ ತುಂಬಿರುತ್ತದೆ, ಅದನ್ನೂ ತೂತಿನ ಲೆಕ್ಕಕ್ಕೇ ಸೇರಿಸಿಕೊಳ್ಳಿ.