ಸರ್ಕಾರಿ ಹೈಸ್ಕೂಲು: ಪಾಲಕರು ಕೇಳಿದ್ದು, ಮಕ್ಕಳು ಕೇಳಿದ್ದು

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು 8ರಿಂದ 10ನೇ ತರಗತಿಯ ಸರ್ಕಾರಿ ಪ್ರೌಢಶಾಲೆಗಳ ಕುರಿತಾದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಗ ಏಳನೇತ್ತ ಮುಗಿಸ್ಯಾನ್ರಿ. ಹೋಬಳಿ ಊರಾಗ ಸರ್ಕಾರಿ ಹೈಸ್ಕೂಲ್ ಅದ. ವ್ಯಾನ್ ಕಳಿಸೋ ಖಾಸಗಿ ಸಾಲಿನೂ ಅದ. ಒಬ್ಬರು ಸರ್ಕಾರಿದು ಬ್ಯಾಡೇ ಬ್ಯಾಡ ಅಂತಾರ, ಇನ್ನೊಬ್ಬರು ಅಲ್ಲಿ ಮಾಸ್ತರ್ ಚಲೋ ಹಾರ ಅಂತಾರ. ಏನು ನೋಡಿ ಹಾಕಬೇಕು?
— ಪಾಲಕರು, ಜೇವರ್ಗಿ ತಾಲ್ಲೂಕು

ಉತ್ತರ: ಇಬ್ಬರ ಮಾತನ್ನೂ ಪಕ್ಕಕ್ಕಿಟ್ಟು, ಶಾಲೆ ನಡೆಯುವ ದಿನ ಹೋಗಿ ಮುಖ್ಯ ಗುರುಗಳ ಕೋಣೆಯ ಗೋಡೆಗೆ ಅಂಟಿಸಿರುವ ವೇಳಾಪಟ್ಟಿ ನೋಡಿ. ಪ್ರೌಢಶಾಲೆಯಲ್ಲಿ ಹುದ್ದೆಗಳು ವಿಷಯವಾರು ಇರುತ್ತವೆ: ಕನ್ನಡ, ಇಂಗ್ಲಿಷ್, ಹಿಂದಿಗೆ ಭಾಷಾ ಶಿಕ್ಷಕರು, ಸಮಾಜಕ್ಕೆ ಕಲಾ (ಆರ್ಟ್ಸ್) ಶಿಕ್ಷಕರು, ಗಣಿತ ಮತ್ತು ಭೌತ-ರಸಾಯನಕ್ಕೆ ಪಿಸಿಎಂ, ಜೀವಶಾಸ್ತ್ರಕ್ಕೆ ಸಿಬಿಝಡ್, ಜೊತೆಗೆ ದೈಹಿಕ ಶಿಕ್ಷಕರು. ಇವುಗಳಲ್ಲಿ ಯಾವ ಹುದ್ದೆ ಖಾಲಿ, ಯಾವುದರಲ್ಲಿ ಅತಿಥಿ ಶಿಕ್ಷಕರಿದ್ದಾರೆ, ಯಾರು ನಿಯೋಜನೆಯ ಮೇಲೆ ಬೇರೆ ಕಡೆ ಹೋಗಿದ್ದಾರೆ ಎಂದು ಕೇಳಿ. ಇದು ಗುಟ್ಟಿನ ಮಾಹಿತಿಯಲ್ಲ, ಕೇಳುವ ಹಕ್ಕು ನಿಮಗಿದೆ.

ಎಲ್ಲಕ್ಕಿಂತ ಮುಖ್ಯ ಪಿಸಿಎಂ ಹುದ್ದೆ. ಅದು ಖಾಲಿಯಾದರೆ ಹೆಚ್ಚಾಗಿ ಸಿಬಿಝಡ್ ಶಿಕ್ಷಕರೇ ಗಣಿತವನ್ನೂ ಹೊರಬೇಕಾಗುತ್ತದೆ. ಒಬ್ಬರ ಹೆಗಲಿಗೆ ಎರಡು ವಿಷಯ ಬಿದ್ದಾಗ ಎರಡೂ ಅರ್ಧಂಬರ್ಧ ಆಗುತ್ತವೆ. ಡಿಸೆಂಬರ್ ಬಂದರೂ ಗಣಿತದ ಪುಸ್ತಕ ಅರ್ಧದಲ್ಲಿರುತ್ತದೆ, ಆಮೇಲೆ ವಿಶೇಷ ತರಗತಿಯ ಹೆಸರಿನಲ್ಲಿ ಪಾಠಗಳನ್ನು ಓಡಿಸುತ್ತಾರೆ. ಅತಿಥಿ ಶಿಕ್ಷಕರಿದ್ದಾರೆ ಅಂದರೆ ಕೆಟ್ಟದ್ದು ಅಂತಲ್ಲ, ಎಷ್ಟೋ ಕಡೆ ಅವರೇ ಶಾಲೆಯ ಬೆನ್ನೆಲುಬು. ಆದರೆ ಅವರ ನೇಮಕಕ್ಕೆ ಪ್ರತಿ ವರ್ಷ ಹೊಸ ಆದೇಶ ಬರಬೇಕು, ಹೀಗಾಗಿ ವರ್ಷದ ಮೊದಲ ವಾರಗಳು ಖಾಲಿ ಹೋಗುವ ಅಪಾಯವಿದೆ. ಜೂನ್‌ನಲ್ಲಿ ಒಮ್ಮೆ ಹೋಗಿ ಬಂದವರು ಜುಲೈನಲ್ಲಿ ಮತ್ತೊಮ್ಮೆ ಹೋಗಿ ‘ಗಣಿತ ಯಾರು ತೊಗೋತಾರ?’ ಎಂದು ಕೇಳುವುದು ಒಳ್ಳೆಯದು.

ಫಲಿತಾಂಶ ಕೇಳುವಾಗ ಬರೀ ಶೇಕಡಾವಾರು ಕೇಳಬೇಡಿ. ಎಸ್ಸೆಸ್ಸೆಲ್ಸಿಯ ಮೊದಲ ಸುತ್ತಾದ ಪರೀಕ್ಷೆ-1ಕ್ಕೆ ಎಷ್ಟು ಮಕ್ಕಳು ಕೂತರು, ಎಷ್ಟು ಜನ ಪಾಸಾದರು, ಎರಡು ವರ್ಷದ ಹಿಂದೆ 8ನೇ ತರಗತಿಯಲ್ಲಿ ಅದೇ ತಂಡದಲ್ಲಿ ಎಷ್ಟು ಮಕ್ಕಳಿದ್ದರು — ಈ ಮೂರೂ ಬೇಕು. ವ್ಯಾನ್ ಮೇಲೆ ‘ನೂರಕ್ಕೆ ನೂರು’ ಅಂತ ಬರೆಸಿಕೊಂಡ ಶಾಲೆಗೂ ಇದೇ ಪ್ರಶ್ನೆ ಹಾಕಿ. 9ನೇತ್ತದಲ್ಲೇ ದುರ್ಬಲ ಮಕ್ಕಳಿಗೆ ಟಿಸಿ ಕೊಟ್ಟು ಕಳಿಸಿದರೆ ನೂರು ಬರುವುದು ದೊಡ್ಡ ಮಾತೇನಲ್ಲ. ಸರ್ಕಾರಿ ಶಾಲೆ ಹಾಗೆ ಸೋಸುವಂತಿಲ್ಲ, ಬಂದವರನ್ನೆಲ್ಲ ಇಟ್ಟುಕೊಳ್ಳಬೇಕು.

ಹೊರಡುವ ಮುಂಚೆ ಶೌಚಾಲಯದ ನಲ್ಲಿ ತಿರುಗಿಸಿ ನೋಡಿ. ಕಟ್ಟಡ ಇರುತ್ತದೆ, ನೀರು ಇರುವುದಿಲ್ಲ. ಹೆಣ್ಣುಮಕ್ಕಳು ತಿಂಗಳಿಗೆ ಮೂರ್ನಾಲ್ಕು ದಿನ ಶಾಲೆ ತಪ್ಪಿಸುವುದಕ್ಕೆ ಹಲವೆಡೆ ಇದೇ ಕಾರಣ.

ಪ್ರಶ್ನೆ: ನಾನು 10ನೇ ತರಗತಿ. ಹತ್ತಿ ಬಿಡಿಸುವಾಗ ಮನೆಯವರ ಜೊತೆ ಹೊಲಕ್ಕೆ ಹೋಗಬೇಕಾಗುತ್ತದೆ. ಹಾಜರಿ ಕಡಿಮೆ ಆದರೆ ಪರೀಕ್ಷೆಗೆ ಕೂಡಿಸುವುದಿಲ್ಲ ಅಂತಾರೆ. ನಿಜವೇ?
— ವಿದ್ಯಾರ್ಥಿನಿ, ಶಹಾಪುರ ತಾಲ್ಲೂಕು

ಉತ್ತರ: ನಿಜ. ಎಸ್ಸೆಸ್ಸೆಲ್ಸಿಗೆ ಶೇ 75 ಹಾಜರಿ ಬೇಕು. ಶಾಲೆ 220 ದಿನ ನಡೆಯಿತು ಎಂದುಕೊಳ್ಳಿ. ನೀವು 165 ದಿನ ಇರಬೇಕು, ತಪ್ಪಿಸಲು ಉಳಿಯುವುದು 55 ದಿನ. ಹತ್ತಿ, ಅದರ ಬೆನ್ನಿಗೇ ಬರುವ ತೊಗರಿ ರಾಶಿ ಎರಡೂ ಸೇರಿದರೆ ನವೆಂಬರ್‌ನಿಂದ ಜನವರಿಯೊಳಗೆ ಅಷ್ಟೂ ಖರ್ಚಾಗುತ್ತದೆ. ನಡುವೆ ಜ್ವರ ಬಂದರೆ, ಮನೆಯಲ್ಲಿ ಮದುವೆ ಇದ್ದರೆ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಕಾಯಿಲೆಗೆ ವೈದ್ಯರ ಪತ್ರ ಕೊಟ್ಟು ವಿನಾಯಿತಿ ಕೇಳಬಹುದು. ಹೊಲದ ಕೆಲಸವನ್ನು ಕಾರಣವಾಗಿ ಒಪ್ಪುವುದಿಲ್ಲ.

ಹಾಜರಿಯ ಹೊರತಾಗಿ ಇನ್ನೊಂದು ನಷ್ಟವಿದೆ, ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ವರ್ಷದ ನಾಲ್ಕು ರೂಪಣಾತ್ಮಕ ಮೌಲ್ಯಮಾಪನಗಳಿಂದ (ವರ್ಷದ ನಡುವೆ ನಡೆಯುವ ಕಿರುಪರೀಕ್ಷೆ, ಚಟುವಟಿಕೆ) ಆಂತರಿಕ ಅಂಕ ಬರುತ್ತದೆ: ಪ್ರಥಮ ಭಾಷೆಗೆ 25, ಗಣಿತ, ವಿಜ್ಞಾನ, ಸಮಾಜಕ್ಕೆ ತಲಾ 20. ಸುಗ್ಗಿಯ ತಿಂಗಳಲ್ಲಿ ಬರುವ ಕಿರುಪರೀಕ್ಷೆ, ಚಟುವಟಿಕೆ ತಪ್ಪಿದರೆ ಅದರ ಅಂಕ ಅಲ್ಲೇ ಕರಗುತ್ತದೆ. ಆದ್ದರಿಂದ ಮನೆಯಲ್ಲಿ ಹೀಗೆ ಒಪ್ಪಿಸಿ ನೋಡಿ: ಹೊಲಕ್ಕೆ ಭಾನುವಾರ ಮತ್ತು ಶನಿವಾರದ ಅರ್ಧ ದಿನ, ಕಿರುಪರೀಕ್ಷೆಯ ವಾರ ಪೂರ್ತಿ ಶಾಲೆ. ತರಗತಿ ಶಿಕ್ಷಕರಿಂದ ಆ ದಿನಾಂಕಗಳನ್ನು ಮುಂಚೆಯೇ ಬರೆಸಿಕೊಳ್ಳಿ. ಮನೆಯವರೆಲ್ಲ ಪುಣೆ, ಬೆಂಗಳೂರಿಗೆ ದುಡಿಯಲು ಹೋಗುವುದಾದರೆ ಹೇಳದೆ ಹೋಗಬೇಡಿ. ಮೊದಲೇ ತಿಳಿಸಿದರೆ ಮುಖ್ಯ ಗುರುಗಳು ಹಾಸ್ಟೆಲ್ ಸೀಟಿಗೆ ಪ್ರಯತ್ನಿಸಬಹುದು.

ಪ್ರಶ್ನೆ: ಮಗಳು ಏಳನೆಯವರೆಗೆ ಮರಾಠಿ ಮಾಧ್ಯಮ. ಈಗ ಕನ್ನಡ ಮಾಧ್ಯಮಕ್ಕೆ ಹಾಕಿದರೆ ಕಷ್ಟವಾಗುತ್ತದೆಯೇ? ಮುಂದೆ ಮೀಸಲಾತಿಗೆ ಅನುಕೂಲ ಅಂತಾರೆ.
— ಪಾಲಕರು, ಔರಾದ ತಾಲ್ಲೂಕು

ಉತ್ತರ: ಕನ್ನಡ ಮಾಧ್ಯಮದ ಮೀಸಲಾತಿಗಾಗಿ ಬದಲಿಸುವುದಾದರೆ ಬೇಡ. ವೃತ್ತಿಪರ ಕೋರ್ಸ್‌ಗಳಲ್ಲಿ ಅದು ಸಿಗುವುದು 1ರಿಂದ 10ರವರೆಗೆ ಹತ್ತೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ. ನಿಮ್ಮ ಮಗಳಿಗೆ ಮೂರು ವರ್ಷವಷ್ಟೇ ಆಗುತ್ತದೆ. ಹತ್ತೂ ವರ್ಷ ಹಳ್ಳಿ ಶಾಲೆಯಲ್ಲಿ ಓದಿದ್ದರೆ ಗ್ರಾಮೀಣ ಮೀಸಲಾತಿ ಬೇರೆಯೇ ಇದೆ, ಅದಕ್ಕೆ ಮಾಧ್ಯಮದ ತೊಡಕಿಲ್ಲ. ಅದಕ್ಕೆ ಕೊಡಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ಓದಿದ ಶಾಲೆ ಎರಡಿದ್ದರೆ ಎರಡರಿಂದಲೂ ತರಬೇಕು. ಸಿಇಟಿ ಹೊತ್ತಿಗೆ ಓಡಾಡುವ ಬದಲು 10ನೇತ್ತ ಮುಗಿದ ಕೂಡಲೇ ಮಾಡಿಸಿಟ್ಟುಕೊಳ್ಳಿ.

ಕಲಿಕೆಯ ದೃಷ್ಟಿಯಿಂದ ಬದಲಿಸುವುದಾದರೆ, ಮಾತಿನ ಕನ್ನಡಕ್ಕಿಂತ ತೊಂದರೆ ಕೊಡುವುದು ಗಣಿತ-ವಿಜ್ಞಾನದ ಪದಗಳು. 7ನೇ ತರಗತಿಯ ಕನ್ನಡ ಮಾಧ್ಯಮದ ಆ ಎರಡು ಪುಸ್ತಕಗಳನ್ನು ಬೇಸಿಗೆ ರಜೆಯಲ್ಲಿ ಓದಿಸಿ. ಪಾಠ ಗೊತ್ತಿರುವುದೇ, ಪದವಷ್ಟೇ ಹೊಸದು.

ಪ್ರಶ್ನೆ: ಬಿಸಿಯೂಟ 9, 10ನೇ ತರಗತಿಗೂ ಇದೆಯೇ? ಹಾಲು ನೀರಿನಂತಿರುತ್ತದೆ ಅಂತ ಮಗ ಹೇಳುತ್ತಾನೆ.
— ಪಾಲಕರು, ಆಳಂದ

ಉತ್ತರ: ಇದೆ. ಪ್ರೌಢಶಾಲೆಯ ಮಗುವಿಗೆ ದಿನಕ್ಕೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ. ನೂರು ಮಕ್ಕಳು ಊಟಕ್ಕೆ ಕೂತ ದಿನ 15 ಕೆ.ಜಿ. ಅಕ್ಕಿ, 3 ಕೆ.ಜಿ. ಬೇಳೆ ಹೊರಬರಬೇಕು. ಹಾಲಿಗೆ ಮಗುವಿಗೆ 18 ಗ್ರಾಂ ಪುಡಿ, 150 ಮಿ.ಲೀ. ನೀರು. ನೂರು ಮಕ್ಕಳಿಗೆ 1.8 ಕೆ.ಜಿ. ಪುಡಿಗೆ 15 ಲೀಟರ್. ನೀರಾಗುವುದಕ್ಕೆ ಒಂದು ಸಾಮಾನ್ಯ ಕಾರಣ, ಪುಡಿಯನ್ನು ತೂಗದೆ ಕೈಯಂದಾಜಿನಲ್ಲಿ ಹಾಕುವುದು. ಗಂಟಾದರೆ ಪುಡಿಯನ್ನು ನೇರ ಕುದಿನೀರಿಗೆ ಸುರಿದಿದ್ದಾರೆ ಎಂದರ್ಥ. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿಕೊಳ್ಳಬೇಕು. ಅಡುಗೆಯವರ ಮೇಲೆ ಕೂಗಾಡುವ ಬದಲು ದಾಸ್ತಾನು ವಹಿ ಮತ್ತು ಆ ದಿನದ ಹಾಜರಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ರುಚಿ ನೋಡಿ ಸಹಿ ಹಾಕುವ ಪುಸ್ತಕವೂ ಇರುತ್ತದೆ. ಪಾಲಕರೂ ರುಚಿ ನೋಡಿ ಬರೆಯಬಹುದು.

ಬಿಸಿಯೂಟದ ಜೊತೆ ಕೊಡುವ ಮೊಟ್ಟೆ ಬೇಡದವರಿಗೆ ಬಾಳೆಹಣ್ಣು ಕೊಡುತ್ತಾರೆ. ಅಂದಹಾಗೆ, ಮೊಟ್ಟೆ ಕೊಡುವುದು 2021ರ ಡಿಸೆಂಬರ್‌ನಲ್ಲಿ ಶುರುವಾದದ್ದೇ ನಮ್ಮ ಕಡೆಯ ಜಿಲ್ಲೆಗಳಲ್ಲಿ.

ಪ್ರಶ್ನೆ: ಎನ್‌ಎಂಎಂಎಸ್ ಪಾಸಾದರೂ ದುಡ್ಡು ಬಂದಿಲ್ಲ.
— ವಿದ್ಯಾರ್ಥಿ, ಭಾಲ್ಕಿ

ಉತ್ತರ: ಎನ್‌ಎಂಎಂಎಸ್ ಎಂದರೆ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆ. ಅದನ್ನು 8ನೇ ತರಗತಿಯಲ್ಲಿ ಬರೆದು ಆಯ್ಕೆಯಾದರೆ 9ರಿಂದ 12ರವರೆಗೆ ವರ್ಷಕ್ಕೆ 12,000 ರೂಪಾಯಿ. ಆದರೆ ಆಯ್ಕೆಯಾದ ಮಾತ್ರಕ್ಕೆ ಬರುವುದಿಲ್ಲ. 9ನೇ ತರಗತಿಯಲ್ಲಿ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಹೊಸ ಅರ್ಜಿ ಹಾಕಬೇಕು, ಆಮೇಲೆ ಪ್ರತಿ ವರ್ಷ ನವೀಕರಿಸಬೇಕು. ಅರ್ಜಿಯನ್ನು ಶಾಲೆ ತನ್ನ ಲಾಗಿನ್‌ನಲ್ಲಿ ದೃಢೀಕರಿಸಬೇಕು, ನಂತರ ಜಿಲ್ಲಾ ಹಂತದಲ್ಲೂ ಆಗಬೇಕು. ಮೊದಲು ಅದು ಎಲ್ಲಿ ನಿಂತಿದೆ ನೋಡಿ. ಅಲ್ಲಿ ಸರಿಯಿದ್ದರೆ ಬ್ಯಾಂಕಿಗೆ ಹೋಗಿ ‘ಆಧಾರ್ ಜೋಡಣೆ ಆಗಿದೆಯಾ’ ಅಂತ ಕೇಳಬೇಡಿ, ‘ಎನ್‌ಪಿಸಿಐ ಮ್ಯಾಪಿಂಗ್ ಆಗಿದೆಯಾ’ ಅಂತ ಕೇಳಿ. ಎರಡೂ ಬೇರೆ. ಎರಡನೆಯದು ಆಧಾರ್ ಮೂಲಕ ಬರುವ ಸರ್ಕಾರಿ ಹಣ ಯಾವ ಖಾತೆಗೆ ಹೋಗಬೇಕು ಎಂದು ಗುರುತಿಸುವುದು, ಹಣ ಬರುವುದು ಅದರಿಂದ. ಶಾಲೆಯ ಸ್ಯಾಟ್ಸ್ ಎಂಬ ಆನ್‌ಲೈನ್ ವಿದ್ಯಾರ್ಥಿ ದಾಖಲೆಯಲ್ಲೂ ಆಧಾರ್‌ನಲ್ಲೂ ಹೆಸರು, ಇನಿಷಿಯಲ್ ಒಂದೇ ಇರಲಿ.

ಪ್ರಶ್ನೆ: ಕಲಬುರಗಿ ರಾಜ್ಯಕ್ಕೇ ಕೊನೆ ಅಂತ ಪೇಪರಿನಲ್ಲಿ ಬಂದಾಗ ಮನೆಯಲ್ಲಿ ನಮ್ಮನ್ನು ಬೈಯುತ್ತಾರೆ. ಫೇಲಾದರೆ ಮುಂದೇನು?
— 10ನೇ ತರಗತಿಯ ವಿದ್ಯಾರ್ಥಿಗಳು, ಸೇಡಂ

ಉತ್ತರ: 2025ರ ಪರೀಕ್ಷೆ-1ರಲ್ಲಿ ಕಲಬುರಗಿಗೆ ಬಂದದ್ದು ಶೇ 42.43, ಕೊನೆಯ ಸ್ಥಾನ. ಹಿಂದಿನ ವರ್ಷ ಕೊನೆಯಲ್ಲಿದ್ದದ್ದು ಯಾದಗಿರಿ, ಶೇ 50.59. ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಮೂಲಕ ನೇರ ಕಣ್ಗಾವಲು (ವೆಬ್‌ಕಾಸ್ಟಿಂಗ್) ಬಂದದ್ದು 2024ರಲ್ಲಿ. ಅದಕ್ಕೂ ಮುಂಚಿನ ಅಂಕಿಗಳ ಜೊತೆ ಈಗಿನದನ್ನು ಹೋಲಿಸಿ ಮಕ್ಕಳನ್ನು ಬೈಯುವುದು ನ್ಯಾಯವಲ್ಲ.

ಫೇಲಾದರೆ ವರ್ಷ ಹೋಗುವುದಿಲ್ಲ. ಹೋದ ವಿಷಯವನ್ನಷ್ಟೇ ಪರೀಕ್ಷೆ-2ರಲ್ಲಿ ಬರೆಯಬಹುದು. 2025ರಲ್ಲಿ ಫಲಿತಾಂಶ ಮೇ 2ಕ್ಕೆ ಬಂತು, ಪರೀಕ್ಷೆ-2 ಮೇ 26ಕ್ಕೆ ಶುರುವಾಯಿತು. ಅಂದರೆ ಸಿಗುವುದು ಮೂರು ವಾರ. ಮೊದಲ ವಾರವನ್ನು ಅಳುತ್ತ ಕಳೆಯುವವರೇ ಹೆಚ್ಚು, ಹೆಸರು ನೋಂದಾಯಿಸುವ ಕೊನೆಯ ದಿನ ಅಷ್ಟರೊಳಗೇ ದಾಟಬಹುದು. ಫಲಿತಾಂಶದ ಮರುದಿನವೇ ಶಾಲೆಗೆ ಹೋಗಿ ಹೆಸರು ಬರೆಸಿ. ಎರಡು-ಮೂರು ಅಂಕದಲ್ಲಿ ಹೋಗಿದ್ದರೆ ಉತ್ತರಪತ್ರಿಕೆಯ ಪ್ರತಿಗೂ ಅರ್ಜಿ ಹಾಕಿ, ಆದರೆ ಅದನ್ನೇ ಕಾಯುತ್ತ ಓದು ನಿಲ್ಲಿಸಬೇಡಿ.

ಗಣಿತ ಹೋಗಿದ್ದರೆ ಇಡೀ ಪುಸ್ತಕ ಹಿಡಿಯಬೇಡಿ. ಎರಡು ಚರಾಕ್ಷರಗಳ ಸಮೀಕರಣದ ನಕ್ಷೆ, ಸಮಾಂತರ ಶ್ರೇಢಿ, ಥೇಲ್ಸ್ ಪ್ರಮೇಯ, ಸರಾಸರಿ-ಮಧ್ಯಾಂಕ-ಬಹುಲಕ: ಇವನ್ನು ದಿನಕ್ಕೊಂದರಂತೆ, ನೋಡದೆ ಬಿಡಿಸುವಷ್ಟು ಗಟ್ಟಿ ಮಾಡಿ. ವಿಜ್ಞಾನಕ್ಕೆ ಮಸೂರದ ಕಿರಣ ಚಿತ್ರಗಳು, ಹೃದಯ, ಮಿದುಳಿನ ಚಿತ್ರಗಳನ್ನು ಭಾಗಗಳ ಹೆಸರಿನೊಂದಿಗೆ ಪೆನ್ಸಿಲ್ಲಿನಲ್ಲಿ ಬರೆದು ಅಭ್ಯಾಸ ಮಾಡಿ. ಮೇ ತಿಂಗಳ ಬಿಸಿಲಿನಲ್ಲಿ ನಮ್ಮ ಕಡೆ ಮಧ್ಯಾಹ್ನ ಓದು ತಲೆಗೆ ಹತ್ತುವುದಿಲ್ಲ, ಬೆಳಗಿನ 5ರಿಂದ 9 ಗಂಟೆಯನ್ನು ಬಿಡಬೇಡಿ.