ಹಾರ್ಡ್ ಡಿಸ್ಕ್ ಕಾಣಿಸ್ತಾ ಇಲ್ಲ, ಫಾರ್ಮ್ಯಾಟ್ ಮಾಡಿಸಲೇ?

ಪ್ರಶ್ನೆ: ನಮ್ಮ ಅಪ್ಪಯ್ಯನಿಗೆ ಯಕ್ಷಗಾನ ಅಂದರೆ ಪ್ರಾಣ. ಆಟ ಇರಲಿ, ತಾಳಮದ್ದಳೆ ಇರಲಿ, ಟೇಪ್ ರೆಕಾರ್ಡರ್ ಹಿಡಿದು ಎದುರಿಗೇ ಕೂರುತ್ತಿದ್ದರು. ಆ ಕ್ಯಾಸೆಟ್‌ಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿ 1 ಟಿಬಿ ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟಿದ್ದೆವು. ಅಪ್ಪಯ್ಯ ಈಗಿಲ್ಲ. ಈ ಮಳೆಗಾಲದಲ್ಲಿ ಡಿಸ್ಕನ್ನು ಲ್ಯಾಪ್‌ಟಾಪ್‌ಗೆ ಹಾಕಿದರೆ ಲೈಟ್ ಉರಿಯುತ್ತದೆ, ಆದರೆ 'ದಿಸ್ ಪಿಸಿ'ಯಲ್ಲಿ ಏನೂ ಬರುವುದಿಲ್ಲ. ಅಂಗಡಿಯವರು ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಅಂದರು. ಮಾಡಿಸಲೇ? ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದಿದೆ. (ಓದುಗರೊಬ್ಬರು, ಬ್ರಹ್ಮಾವರ)

ಉತ್ತರ: ಬೇಡ ಮಾರಾಯ್ರೆ, ಖಂಡಿತ ಬೇಡ. ಹೊಸ ಹಾರ್ಡ್ ಡಿಸ್ಕ್ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ, ಅಪ್ಪಯ್ಯ ಮಾಡಿಟ್ಟ ರೆಕಾರ್ಡಿಂಗ್ ಸಿಗುವುದಿಲ್ಲ. ಅದರಲ್ಲೂ ತಾಳಮದ್ದಳೆ. ಪದ್ಯವಾದರೆ ಪ್ರಸಂಗ ಪುಸ್ತಕದಲ್ಲಿ ಇರುತ್ತದೆ, ಅರ್ಥ ಎಲ್ಲಿರುತ್ತದೆ? ಆ ರಾತ್ರಿ ಅರ್ಥಧಾರಿಗಳು ಎದುರು ಬದುರು ಕೂತು ಆಡಿದ ಮಾತು ಆ ಟೇಪಿನಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದೇ ಇರಬಹುದು. ಹಾಗಾಗಿ ಒಂದು ತೀರ್ಮಾನ ಮಾಡಿಕೊಳ್ಳಿ: ಫೈಲ್‌ಗಳು ಇನ್ನೊಂದು ಕಡೆಗೆ ಬರುವ ತನಕ ಆ ಡಿಸ್ಕ್ ಮೇಲೆ ಯಾರೂ ಏನನ್ನೂ ಬರೆಯಬಾರದು. ಫಾರ್ಮ್ಯಾಟ್ ಮಾಡುವುದೂ ಬರೆಯುವುದೇ.

ಮೊದಲು ಡಿಸ್ಕ್ ಹತ್ತಿರ ಕಿವಿ ಇಡಿ. ಲೈಟ್ ಉರಿದರೆ ಕರೆಂಟ್ ಬಂತು ಅಂತ ಮಾತ್ರ ಅರ್ಥ, ಒಳಗಿನ ತಟ್ಟೆ ತಿರುಗುತ್ತಿದೆಯೋ ಇಲ್ಲವೋ ಲೈಟ್ ಹೇಳುವುದಿಲ್ಲ. ಸಣ್ಣಗೆ ಗುಂಯ್ ಅಂತ ಒಂದೇ ಸಮನೆ ಸದ್ದು ಬಂದರೆ, ಕೈಯಲ್ಲಿ ಹಿಡಿದಾಗ ಸ್ವಲ್ಪ ಅದುರಿದ ಹಾಗೆ ಅನಿಸಿದರೆ ಒಳ್ಳೆಯದು. ತಿರುಗಲು ಶುರು ಮಾಡಿ ನಿಂತು, ಮತ್ತೆ ಶುರು ಮಾಡಿ ನಿಂತು ಹೋಗುತ್ತಿದ್ದರೆ ಸಾಮಾನ್ಯವಾಗಿ ಕರೆಂಟ್ ಸಾಲುತ್ತಿಲ್ಲ. ಟಕ್ ಟಕ್ ಅಂತ ಬಡಿದ ಹಾಗೆ ಕೇಳಿದರೆ ಮಾತ್ರ ಕೂಡಲೇ ತೆಗೆದಿಡಿ, ಅದಕ್ಕೆ ಉತ್ತರ ಕೆಳಗಿನ ಪ್ರಶ್ನೆಯಲ್ಲಿದೆ.

ಟಕ್ ಟಕ್ ಇಲ್ಲ ಅಂದರೆ ಕೇಬಲ್ ಬದಲಾಯಿಸಿ. ಇಷ್ಟು ಸಣ್ಣ ವಿಷಯವಾ ಅನಿಸಬಹುದು, ಆದರೆ ಇಂಥ ದೂರುಗಳಲ್ಲಿ ಮೊದಲು ಅನುಮಾನ ಪಡಬೇಕಾದದ್ದು ಕೇಬಲನ್ನೇ, ಅದೂ ನಮ್ಮ ಕರಾವಳಿಯಲ್ಲಿ. ಉಪ್ಪು ಗಾಳಿ, ಜೂನ್‌ನಿಂದ ಸೆಪ್ಟೆಂಬರ್ ತನಕ ಆರದ ತೇವ, ಎರಡೂ ಸೇರಿ ಕೇಬಲಿನ ಪಿನ್‌ಗಳಿಗೆ ಕಿಲುಬು ಹಿಡಿಸುತ್ತವೆ. ಕರೆಂಟ್ ಹೋಗುವ ಪಿನ್ ಬೇರೆ, ಡೇಟಾ ಹೋಗುವ ಪಿನ್ ಬೇರೆ. ಡೇಟಾದ ಪಿನ್ ಕೈಕೊಟ್ಟರೆ ನೀವು ಬರೆದ ಹಾಗೇ ಆಗುತ್ತದೆ, ಲೈಟ್ ಇರುತ್ತದೆ, ಡಿಸ್ಕ್ ಕಾಣುವುದಿಲ್ಲ. ಟಾರ್ಚ್ ಹಾಕಿ ಎರಡೂ ತುದಿ ನೋಡಿ. ಹಸಿರು ಅಥವಾ ಬಿಳಿ ಪುಡಿ ಕಂಡರೆ ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಮೆತ್ತನೆ ಬ್ರಷ್‌ನಿಂದ ಒರೆಸಿ, ಪೂರ್ತಿ ಆರಲು ಬಿಡಿ. ನೀರು ಬೇಡ, ಬ್ಲೇಡ್‌ನಲ್ಲಿ ಕೆರೆಯುವುದೂ ಬೇಡ. ಅಗಲ ಬಾಯಿಯ ಮೈಕ್ರೋ-ಬಿ ಕೇಬಲ್ ಆಗಿದ್ದರೆ ಅದು ಸ್ವಲ್ಪ ಎಳೆದರೂ ಸಡಿಲ ಆಗುವ ಜಾತಿ, ಹೊಸದು ತರುವುದೇ ವಾಸಿ. ಮಂಗಳೂರಿನ ಹಂಪನಕಟ್ಟೆಯಲ್ಲೋ ಉಡುಪಿಯಲ್ಲೋ ಕೊಳ್ಳುವಾಗ ಡೇಟಾ ಹೋಗುವ ಕೇಬಲ್ ಬೇಕು ಅಂತ ಬಾಯಿಬಿಟ್ಟು ಕೇಳಿ, ಯಾಕಂದರೆ ಬರೀ ಚಾರ್ಜ್ ಮಾಡುವ ಕೇಬಲ್‌ಗಳೂ ಇವೆ, ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಆಮೇಲೆ ಪೋರ್ಟ್. ಹಳೆಯ ಯುಎಸ್‌ಬಿ 2.0 ಪೋರ್ಟ್ ನಿಯಮದ ಪ್ರಕಾರ 500 ಮಿಲಿಆಂಪ್ ಕೊಡಬೇಕು, 3.0 ಆದರೆ 900. ಸಣ್ಣ ಪೋರ್ಟಬಲ್ ಡಿಸ್ಕ್‌ಗೆ ತಿರುಗಲು ಶುರು ಮಾಡುವಾಗಲೇ ಜಾಸ್ತಿ ಕರೆಂಟ್ ಬೇಕು. ಹಾಗಾಗಿ ನಡುವೆ ಹಬ್ ಇದ್ದರೆ ತೆಗೆಯಿರಿ, ನೇರವಾಗಿ ಲ್ಯಾಪ್‌ಟಾಪ್‌ಗೆ ಹಾಕಿ, ಚಾರ್ಜರ್ ಕೂಡ ಹಾಕಿಕೊಳ್ಳಿ. ಡೆಸ್ಕ್‌ಟಾಪ್ ಇದ್ದರೆ ಹಿಂದುಗಡೆಯ ಪೋರ್ಟ್ ಒಳ್ಳೆಯದು, ಅದು ಮದರ್‌ಬೋರ್ಡ್‌ಗೇ ಅಂಟಿಕೊಂಡಿರುತ್ತದೆ, ಮುಂದಿನದ್ದು ಒಳಗೊಂದು ತಂತಿ ಹಾದು ಬರುತ್ತದೆ. ಹಾಗೆಯೇ ಬೇರೆಯವರ ಕಂಪ್ಯೂಟರಿನಲ್ಲಿ ಒಮ್ಮೆ ಹಾಕಿ ನೋಡಿ. ಅಲ್ಲಿ ಕಂಡರೆ ಡಿಸ್ಕ್‌ನದ್ದು ತಪ್ಪಲ್ಲ, ಬೇರೇನೂ ಪರೀಕ್ಷೆ ಮಾಡುತ್ತಾ ಕೂರದೆ ಅಲ್ಲಿಯೇ ಎಲ್ಲವನ್ನೂ ಕಾಪಿ ಮಾಡಿಕೊಂಡು ಬನ್ನಿ.

ಎಲ್ಲೂ ಕಾಣಲಿಲ್ಲ ಅಂದರೆ 'ದಿಸ್ ಪಿಸಿ'ಯನ್ನು ನಂಬಬೇಡಿ. ವಿಂಡೋಸ್ ಕೀ ಹಿಡಿದು ಎಕ್ಸ್ ಒತ್ತಿದರೆ ಒಂದು ಪಟ್ಟಿ ಬರುತ್ತದೆ, ಅದರಲ್ಲಿ 'ಡಿಸ್ಕ್ ಮ್ಯಾನೇಜ್‌ಮೆಂಟ್' ತೆರೆಯಿರಿ. ನಿಮ್ಮ 1 ಟಿಬಿ ಡಿಸ್ಕ್ ಅಲ್ಲಿ ಸುಮಾರು 931 ಜಿಬಿ ಅಂತ ತೋರಿಸುತ್ತದೆ, ಅದು ಲೆಕ್ಕ ಹಾಕುವ ರೀತಿಯ ವ್ಯತ್ಯಾಸ, ಏನೂ ಕಳೆದುಹೋಗಿಲ್ಲ. ಆ ಸಂಖ್ಯೆ ಹಿಡಿದು ಯಾವುದು ನಿಮ್ಮದು ಅಂತ ಗುರುತಿಸಿ.

ಅಲ್ಲಿ 'ಹೆಲ್ದಿ' ಅಂತ ಇದ್ದು ಸಿ, ಡಿ, ಇ ಥರದ ಅಕ್ಷರ ಮಾತ್ರ ಇಲ್ಲವಾದರೆ ನಿಮ್ಮ ಅದೃಷ್ಟ. ರೈಟ್ ಕ್ಲಿಕ್ ಮಾಡಿ, ಡ್ರೈವ್ ಲೆಟರ್ ಬದಲಿಸುವ ಆಯ್ಕೆಗೆ ಹೋಗಿ, 'ಆ್ಯಡ್' ಒತ್ತಿ, ಬಳಕೆಯಲ್ಲಿ ಇಲ್ಲದ ಒಂದು ಅಕ್ಷರ ಕೊಡಿ. ಕೂಡಲೇ ಎಲ್ಲ ಫೈಲ್ ಕಾಣುತ್ತದೆ. 'ಆಫ್‌ಲೈನ್' ಅಂತ ಇದ್ದರೆ ಅದೇ ಜಾಗದಲ್ಲಿ 'ಆನ್‌ಲೈನ್' ಮಾಡಿದರೆ ಸಾಕು.

'ರಾ' ಅಂತ ಕಂಡರೆ ಎಚ್ಚರಿಕೆ ಬೇಕು. ಫೈಲ್‌ಗಳು ಎಲ್ಲೆಲ್ಲಿವೆ ಎಂದು ಬರೆದಿಟ್ಟ ಪಟ್ಟಿ ಕೆಟ್ಟಿದೆ, ಫೈಲ್‌ಗಳು ಬಹಳಷ್ಟು ಸಲ ಹಾಗೇ ಇರುತ್ತವೆ. ಕಾಪಿ ಆಗುತ್ತಿರುವಾಗ ಕೇಬಲ್ ಎಳೆದರೆ, ಸಿಡಿಲಿಗೆ ಕರೆಂಟ್ ಹೋದರೆ ಹೀಗೆ ಆಗುತ್ತದೆ. ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಅಂತ ವಿಂಡೋಸ್ ಕೇಳುವುದು ಈ ಹೊತ್ತಿನಲ್ಲೇ, ನಿಮ್ಮ ಅಂಗಡಿಯವರು ಬಹುಶಃ ಇದನ್ನೇ ನೋಡಿರಬೇಕು. 'ಕ್ಯಾನ್ಸಲ್' ಒತ್ತಿ. 'ನಾಟ್ ಇನಿಶಿಯಲೈಸ್ಡ್' ಅಂತ ಬಂದರೂ ಅಷ್ಟೇ, ಇನಿಶಿಯಲೈಸ್ ಮಾಡಲು ಒಪ್ಪಬೇಡಿ. ಈಗ ಮಾಡಬೇಕಾದದ್ದು, ಇಡೀ ಡಿಸ್ಕ್‌ನ ನಕಲನ್ನು ಇನ್ನೊಂದು ದೊಡ್ಡ ಡಿಸ್ಕ್‌ಗೆ ಇಳಿಸಿಕೊಂಡು, ಆ ನಕಲಿನ ಮೇಲೆ ಹುಡುಕುವುದು. ಲಿನಕ್ಸ್ ಗೊತ್ತಿರುವ ಹುಡುಗರು ಡಿಡಿರೆಸ್ಕ್ಯೂ ಎಂಬ ಸಾಧನದಿಂದ ನಕಲು ಮಾಡಿಕೊಡುತ್ತಾರೆ, ಹುಡುಕಲು ಟೆಸ್ಟ್‌ಡಿಸ್ಕ್, ಫೋಟೊರೆಕ್ ಇವೆ, ಮೂರೂ ಉಚಿತ. ಹೆಸರು ಫೋಟೊರೆಕ್ ಆದರೂ ಅದು ಎಂಪಿ3 ಕೂಡ ಹುಡುಕುತ್ತದೆ. ಒಂದೇ ತೊಂದರೆ, ಫೈಲ್‌ಗಳ ಹೆಸರು ಹೋಗಿರುತ್ತದೆ, ಯಾವುದು ಯಾವ ಪ್ರಸಂಗ ಅಂತ ಕೂತು ಕೇಳಬೇಕು. ಅದಕ್ಕೇ ಹೆಸರುಗಳನ್ನೂ ಉಳಿಸಬಲ್ಲ ಟೆಸ್ಟ್‌ಡಿಸ್ಕ್ ಮೊದಲು. ಡಿಸ್ಕ್ ಸರಿಪಡಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಓಡಿಸಿ ಅಂತ ಯಾರಾದರೂ ಹೇಳಿದರೆ ನಕಲು ಆಗುವ ತನಕ ಬೇಡ ಅನ್ನಿ, ಅದು ಡಿಸ್ಕ್ ಮೇಲೆಯೇ ತಿದ್ದುತ್ತದೆ, ಸೋತ ಡಿಸ್ಕ್‌ಗೆ ಇನ್ನಷ್ಟು ಕೆಲಸ ಕೊಡುತ್ತದೆ.

ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೂ ಏನೂ ಇಲ್ಲವಾದರೆ ಡಿಸ್ಕ್‌ನ ಹೊರ ಪೆಟ್ಟಿಗೆಯೊಳಗೆ ಅದನ್ನು ಯುಎಸ್‌ಬಿಗೆ ಜೋಡಿಸುವ ಸಣ್ಣ ಬೋರ್ಡ್ ಹೋಗಿರಬಹುದು. ಕೆಲವು ಪೆಟ್ಟಿಗೆಯೊಳಗೆ ಕಂಪ್ಯೂಟರಿನೊಳಗೆ ಹಾಕುವಂಥ ಮಾಮೂಲಿ ಸಾಟಾ ಡಿಸ್ಕ್ ಇರುತ್ತದೆ, ತೆಗೆದು ಬೇರೆ ಅಡಾಪ್ಟರ್‌ಗೆ ಹಾಕಿದರೆ ಓದುತ್ತದೆ. ಕೆಲವದರಲ್ಲಿ ಯುಎಸ್‌ಬಿ ಪೋರ್ಟನ್ನು ಡಿಸ್ಕ್‌ನ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಇನ್ನು ಕೆಲವು ಪೆಟ್ಟಿಗೆಗಳು ಡೇಟಾವನ್ನು ಗುಪ್ತಲಿಪಿಯಲ್ಲಿ ಬರೆಯುತ್ತವೆ, ಆ ಬೋರ್ಡ್ ಬಿಟ್ಟರೆ ಬೇರೆ ಯಾವುದಕ್ಕೂ ಅದು ಅರ್ಥ ಆಗುವುದಿಲ್ಲ. ಹಾಗಾಗಿ ನೀವೇ ಬಿಚ್ಚಬೇಡಿ, ಡೇಟಾ ರಿಕವರಿ ಗೊತ್ತಿರುವವರಿಗೆ ಕೊಡಿ, ಮತ್ತು ಹಳೆಯ ಪೆಟ್ಟಿಗೆಯನ್ನು ಎಸೆಯಬೇಡಿ.

ಇನ್ನೊಂದು ಮಾತು. ಎಂಪಿ3ಯಲ್ಲಿ ಒಂದು ಗಂಟೆಯ ರೆಕಾರ್ಡಿಂಗ್ 128 ಕೆಬಿಪಿಎಸ್‌ನಲ್ಲಿ ಸುಮಾರು 58 ಎಂಬಿ. 500 ಗಂಟೆ ಇದ್ದರೂ 30 ಜಿಬಿ ದಾಟುವುದಿಲ್ಲ. ಫೈಲ್ ಸಿಕ್ಕಿದ ದಿನವೇ ಎರಡು ಪೆನ್‌ಡ್ರೈವ್‌ಗೆ ಹಾಕಿ, ಒಂದನ್ನು ತಂಗಿಯ ಮನೆಯಲ್ಲೋ ಚಿಕ್ಕಪ್ಪನ ಮನೆಯಲ್ಲೋ ಇಡಿ, ಮತ್ತೊಂದು ನಕಲು ಆನ್‌ಲೈನ್ ಖಾತೆಯಲ್ಲೂ ಇರಲಿ. ಬೂಷ್ಟು ಹಿಡಿದ ಕ್ಯಾಸೆಟ್‌ಗಳನ್ನು ದಯವಿಟ್ಟು ಬಿಸಾಡಬೇಡಿ, ಟೇಪನ್ನು ಶುಚಿ ಮಾಡಿ ಮತ್ತೆ ಕೇಳಿಸುವ ಹಾಗೆ ಮಾಡುವವರು ಇದ್ದಾರೆ. ಹಾಗೇ ಪ್ಲೇಯರ್‌ಗೆ ಹಾಕಲೂ ಬೇಡಿ, ಬೂಷ್ಟು ಬೇರೆ ಟೇಪ್‌ಗಳಿಗೆ ಹರಡುತ್ತದೆ.

ಪ್ರಶ್ನೆ: ನಾನು ಮದುವೆ ಫೋಟೊ ತೆಗೆಯುವವನು. ಹಾರ್ಡ್ ಡಿಸ್ಕ್ ಮೇಜಿನಿಂದ ಬಿತ್ತು. ಈಗ ಟಕ್ ಟಕ್ ಸದ್ದು ಬರುತ್ತಿದೆ, ಕಂಪ್ಯೂಟರ್ ಗುರುತಿಸುತ್ತಿಲ್ಲ. ಫ್ರಿಜ್‌ನಲ್ಲಿ ಇಟ್ಟು ತೆಗೆದರೆ ಒಮ್ಮೆ ಓಡುತ್ತದೆ ಅಂತ ಗೆಳೆಯ ಹೇಳುತ್ತಾನೆ. ನಿಜವಾ? (ಓದುಗರು, ಮಂಗಳೂರು)

ಉತ್ತರ: ಇಡಬೇಡಿ. ನಮ್ಮೂರ ಹವೆಯಲ್ಲಿ ತಣ್ಣಗಿನ ವಸ್ತು ಹೊರಗೆ ತೆಗೆದ ಕೂಡಲೇ ಬೆವರುತ್ತದೆ, ಆ ನೀರು ಬೋರ್ಡಿನ ಮೇಲೆ, ಒಳಗಿನ ತಟ್ಟೆಯ ಮೇಲೆ ಕೂರುತ್ತದೆ. ಓದುವ ಹೆಡ್ ತಟ್ಟೆಯಿಂದ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಹಾರುತ್ತಾ ಇರುತ್ತದೆ, ಒಂದು ಧೂಳಿನ ಕಣಕ್ಕೂ ಅಲ್ಲಿ ಜಾಗ ಇಲ್ಲ. ಬಿದ್ದ ರಭಸಕ್ಕೆ ಆ ಹೆಡ್‌ಗೆ ಏಟಾಗಿರಬಹುದು. ಟಕ್ ಟಕ್ ಅಂದರೆ ಅದು ತನ್ನ ಜಾಗ ಹುಡುಕಿ ಸಿಗದೆ ಹಿಂದೆ ಬಂದು ಬಡಿಯುವುದು. ಇನ್ನೊಮ್ಮೆ ನೋಡೋಣ ಅಂತ ನೀವು ಹಾಕಿದಷ್ಟೂ ಸಲ ತಟ್ಟೆ ಗೀರಿ ಹೋಗಬಹುದು, ಗೀರಿದ ಜಾಗದ ಫೋಟೊವನ್ನು ಆಮೇಲೆ ಯಾವ ಲ್ಯಾಬ್‌ನವರೂ ತಂದುಕೊಡಲಾರರು.

ಹಾಗಾಗಿ ಈಗಲೇ ಕೇಬಲ್ ತೆಗೆಯಿರಿ, ಸ್ಕ್ರೂ ಬಿಚ್ಚಬೇಡಿ. ಕ್ಲೀನ್ ರೂಮ್, ಅಂದರೆ ಧೂಳು ಬಾರದ ಕೋಣೆ ಇರುವ ಲ್ಯಾಬ್‌ಗೇ ಹೋಗಬೇಕು, ಬೆಂಗಳೂರಿನಲ್ಲಿ ಇವೆ. ಖರ್ಚು ಜಾಸ್ತಿಯೇ, ಮೊದಲು ಪರೀಕ್ಷಿಸಿ ಎಷ್ಟಾಗುತ್ತದೆ ಅಂತ ಬರೆದು ಕೊಡಲು ಕೇಳಿ.

ಅದಕ್ಕಿಂತ ಮೊದಲು ನಿಮ್ಮ ಕ್ಯಾಮೆರಾ ಬ್ಯಾಗ್ ತೆಗೆಯಿರಿ. ಆ ಮದುವೆಯ ಮೆಮೊರಿ ಕಾರ್ಡ್ ಯಾವುದು? ಆಮೇಲೆ ಅದರಲ್ಲಿ ಬೇರೆ ಫೋಟೊ ತೆಗೆದಿಲ್ಲ ಅಂದರೆ, ಅಳಿಸಿದ್ದರೂ ಫೋಟೊರೆಕ್‌ನಿಂದ ಸಿಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಕಾರ್ಡನ್ನು ಈ ಕ್ಷಣದಿಂದ ಮುಟ್ಟಬೇಡಿ, ನಾಳೆಯ ಕಾರ್ಯಕ್ರಮಕ್ಕೆ ಬೇರೆ ಕಾರ್ಡ್ ಕೊಳ್ಳಿ. ಜನರ ಮನೆಯ ಮದುವೆ ಮತ್ತೊಮ್ಮೆ ನಡೆಯುವುದಿಲ್ಲ, ಆಲ್ಬಮ್ ಕೈಗೆ ಕೊಡುವ ತನಕ ಕಾರ್ಡ್ ಅಳಿಸದೇ ಇರುವ ಅಭ್ಯಾಸ ಮಾಡಿಕೊಳ್ಳಿ.

ಪ್ರಶ್ನೆ: ಗೆಳತಿಯ ಮ್ಯಾಕ್‌ನಲ್ಲಿ ಚೆನ್ನಾಗಿ ಓಡುವ ಹಾರ್ಡ್ ಡಿಸ್ಕ್ ನನ್ನ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ತೆರೆಯುತ್ತಿಲ್ಲ. ಹಾಳಾಗಿದೆಯಾ? (ವಿದ್ಯಾರ್ಥಿನಿ, ಮಣಿಪಾಲ)

ಉತ್ತರ: ಹಾಳಾಗಿಲ್ಲ. ಅವರ ಡಿಸ್ಕ್ ಮ್ಯಾಕ್‌ನ ಫಾರ್ಮ್ಯಾಟ್ ಆದ ಎಪಿಎಫ್‌ಎಸ್ ಅಥವಾ ಎಚ್‌ಎಫ್‌ಎಸ್ ಪ್ಲಸ್‌ನಲ್ಲಿ ಇರಬೇಕು, ಬೇರೆ ಸಾಫ್ಟ್‌ವೇರ್ ಹಾಕದೆ ವಿಂಡೋಸ್ ಅದನ್ನು ಓದುವುದಿಲ್ಲ. ಫಾರ್ಮ್ಯಾಟ್ ಮಾಡಲೇ ಅಂತ ಕೇಳಿದರೆ ನೀವೂ ಬೇಡ ಅನ್ನಿ, ಅವರದ್ದೆಲ್ಲ ಅಳಿಸಿ ಹೋಗುತ್ತದೆ. ಇಬ್ಬರಿಗೂ ಬೇಕಾದರೆ ಬೇರೆ ಡಿಸ್ಕ್ ತೆಗೆದುಕೊಂಡು ಎಕ್ಸ್‌ಫ್ಯಾಟ್ ಎಂಬ ಫಾರ್ಮ್ಯಾಟ್ ಮಾಡಿಕೊಳ್ಳಿ, ಎರಡೂ ಕಡೆ ಓದಲೂ ಬರೆಯಲೂ ಆಗುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಆದರೆ ಮ್ಯಾಕ್ ಓದುತ್ತದೆ, ಬರೆಯುವುದಿಲ್ಲ. ಎಕ್ಸ್‌ಫ್ಯಾಟ್ ಡಿಸ್ಕನ್ನು ಮಾತ್ರ 'ಇಜೆಕ್ಟ್' ಕೊಡದೆ ಎಳೆಯಬೇಡಿ, ಕಾಪಿ ನಡುವೆ ನಿಂತರೆ ತಾನೇ ಸರಿಮಾಡಿಕೊಳ್ಳುವ ವ್ಯವಸ್ಥೆ ಅದರಲ್ಲಿ ಇಲ್ಲ.